ಬೋರಿಗೆ ಗ್ಯಾರಂಟಿ

ಸಾಹೇಬರು: ಬೋರು ಅಂದ್ರೆ ಬೋರು! ಮೂರು ಸಲ ಆಡಿ ಮುಗಿಸಿದೀನಿ. ನಾಲ್ಕನೇ ಸಲ ಆಡೋಕೆ ನನಗೇನು ತಲೆ ಕೆಟ್ಟಿದೆಯಾ? ಪೆಟ್ಟಿಗೆ ಎಲ್ಲಿಟ್ಟಿದೀಯ ಹೇಳು.

ಮೇಡಂ: ಯಾವ ಪೆಟ್ಟಿಗೆ?

ಸಾಹೇಬರು: ವಿಡಿಯೋ ಗೇಮ್ ಬಂತಲ್ಲ, ಆ ರಟ್ಟಿನ ಪೆಟ್ಟಿಗೆ ಕಣೆ. ಡಾಕ್ಟ್ರು ಇನ್ನೇನು ಬಂದುಬಿಡ್ತಾರೆ. ಕೊಡ್ತೀನಿ ಅಂತ ಮಾತು ಕೊಟ್ಟಾಗಿದೆ.

ಮೇಡಂ: ಮಾತು ಕೊಡೋರು ನೀವು, ಪೆಟ್ಟಿಗೆ ಹುಡುಕೋಳು ನಾನಾ?

ಸಾಹೇಬರೆಂದರೆ ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿಗೆ ನುಗ್ಗಿ ತಕ್ಕಡಿ ಸರಿಯಿದೆಯೇ ಎಂದು ನೋಡಿ ಸೀಲು ಹಾಕುವುದು ಅವರ ಕೆಲಸ. ಪೇಟೆಯವರು ಬೆನ್ನ ಹಿಂದೆ ‘ತಕ್ಕಡಿ ಸಾಹೇಬ್ರು’ ಅನ್ನುತ್ತಾರೆ, ಎದುರಿಗೆ ಬಾಯಿ ಬಿಡುವುದಿಲ್ಲ. ಅವರ ಹೆಂಡತಿ ಡ್ರೈವಿಂಗ್ ಸ್ಕೂಲಿನ ಮೇಡಂ. ಬೆಳಗಿನಿಂದ ಸಂಜೆಯವರೆಗೆ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲಡಿಯ ಇನ್ನೊಂದು ಬ್ರೇಕನ್ನು ತುಳಿಯುವುದೇ ಅವರ ಬಾಳು.

ಇನ್ನು ಡಾಕ್ಟರೆಂದರೆ ಕೆಳಗಿನ ಮಹಡಿಯ ಹಲ್ಲಿನ ಡಾಕ್ಟರು. ಕಾಯುವ ಕೋಣೆಯಲ್ಲಿ ರೋಗಿಗಳಿಗೆ ಹೊತ್ತು ಹೋಗಲೆಂದು ಅವರು ಮೀನಿನ ತೊಟ್ಟಿ ಇಟ್ಟಿದ್ದರು. ರೋಗಿಗಳು ಮೀನಿಗೆ ಎಷ್ಟು ಮರುಳಾದರೆಂದರೆ, ಹೆಸರು ಕೂಗಿದರೆ ‘ಮುಂದಿನವರನ್ನ ಕರೀರಿ, ನಾವು ಆಮೇಲೆ’ ಎನ್ನತೊಡಗಿದರು. ಹಾಗಾಗಿ ಡಾಕ್ಟರಿಗೆ ಈಗ ಬೇಕಾಗಿದ್ದು ಬೋರಾದ ವಸ್ತು. ಎರಡು ನಿಮಿಷ ನೋಡಿದರೆ ಸಾಕು, ಇದಕ್ಕಿಂತ ಹಲ್ಲು ಕೀಳಿಸಿಕೊಳ್ಳುವುದೇ ಮೇಲು ಅನ್ನಿಸಬೇಕು. ಸಾಹೇಬರು ಮೆಟ್ಟಿಲ ಮೇಲೆ ಸಿಕ್ಕಾಗ, ತಮ್ಮ ಮನೆಯಲ್ಲಿ ಅಂಥದ್ದೊಂದು ಇದೆ ಅಂದುಬಿಟ್ಟಿದ್ದರು.

ಮೇಡಂ: ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಲಂತೆ.

ಸಾಹೇಬರು: ನೆಲ ಡೊಂಕೋ ಸಮವೋ ಅಳೆದು ಹೇಳೋದೇ ನನ್ನ ಕೆಲಸ. ಅಳೆದೇ ಹೇಳ್ತಿದೀನಿ. ಅಷ್ಟು ದೊಡ್ಡ ಲೋಕ. ಕಾಡು, ಸಮುದ್ರ, ಕೋಟೆ. ಎಲ್ಲಿ ಬೇಕಾದ್ರೂ ಹೋಗಿ, ಏನು ಬೇಕಾದ್ರೂ ಮಾಡಿ, ಯಾರು ಬೇಕಾದ್ರೂ ಆಗಿ ಅಂತ ಪೆಟ್ಟಿಗೆ ಮೇಲೆ ಬರೆದಿದಾರೆ. ಹೋದೆ, ಮಾಡಿದೆ, ಆದೆ! ಮೊದಲನೇ ಸಲ ಸೈನಿಕ, ಎರಡನೇ ಸಲ ಮಂತ್ರವಾದಿ, ಮೂರನೇ ಸಲ ಬಿಲ್ಲುಗಾರ. ಕೊನೆಗೆ ಅದೇ ರಾಜ, ಅದೇ ಪದಕ, ಅದೇ ಚಪ್ಪಾಳೆ.

ಮೇಡಂ: ರಾಜ ಇನ್ನೂ ಸಿಂಹಾಸನದ ಮೇಲೇ ಇದಾನಾ?

ಸಾಹೇಬರು: ಇಲ್ದೆ ಏನು? ಇನ್ನೆಲ್ಲಿರ್ತಾನೆ?

ಮೇಡಂ: ನನ್ನ ಆಟದಲ್ಲಿ ಅವನು ಕಿರೀಟ ಬಿಸಾಕಿ ಓಡಿಹೋಗಿ ಬಾತುಕೋಳಿ ಸಾಕ್ತಿದಾನೆ. ಮೈ ಕೈ ತುಂಬ್ಕೊಂಡು ಚೆನ್ನಾಗಿದಾನೆ.

ಗೇಮಿನ ವೈರು ಸುತ್ತುತ್ತಿದ್ದ ಸಾಹೇಬರ ಕೈ ನಿಂತಿತು.

ಸಾಹೇಬರು: ನಿನ್ನ ಆಟ ಅಂದ್ರೆ?

ಮೇಡಂ: ಕಲಿಯೋರು ಯಾರಾದ್ರೂ ಇವತ್ತು ಬರಲ್ಲ ಅಂದ್ರೆ ಮಧ್ಯಾಹ್ನ ಮನೆಗೆ ಬರ್ತೀನಲ್ಲ, ಆವಾಗ ಆಡ್ತೀನಿ.

ಸಾಹೇಬರು: ಇದೇ ಮೆಷಿನ್ನಲ್ಲಾ?

ಮೇಡಂ: ಇಲ್ಲ, ವಾಷಿಂಗ್ ಮೆಷಿನ್ನಲ್ಲಿ. ಆನ್ ಮಾಡಿದ ತಕ್ಷಣ ಎರಡು ಹೆಸರು ಬರಲ್ವಾ? ಕೆಳಗಿಂದು ನಂದು.

ಸಾಹೇಬರು: ಆ ‘ಬಿರುಗಾಳಿ’ ನೀನಾ! ಕಂಪನಿಯೋರೇ ಹಾಕಿ ಕೊಟ್ಟಿದಾರೆ ಅಂದ್ಕೊಂಡಿದ್ದೆ.

ಮದುವೆಯಾಗಿ ಇಷ್ಟು ವರ್ಷ ಒಂದೇ ಸೋಫಾದಲ್ಲಿ ಕೂತ ಹೆಂಡತಿ ಬಿರುಗಾಳಿ ಎಂದು ಸಾಹೇಬರಿಗೆ ಗೊತ್ತೇ ಇರಲಿಲ್ಲ. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ ಪತ್ತೆಹಚ್ಚುವ ಮನುಷ್ಯನಿಗೆ ಇದು ಅವಮಾನವೇ. ಅವರು ಗಂಟಲು ಸರಿಮಾಡಿಕೊಂಡು ವಿಚಾರಣೆಗೆ ಇಳಿದರು.

ಸಾಹೇಬರು: ಸರಿ, ಇನ್ನೇನೇನು ಮಾಡಿದೀಯ ಅಲ್ಲಿ?

ಮೇಡಂ: ಮದುವೆ ಆದೆ.

ಸಾಹೇಬರು: ಯಾರ ಮದುವೆ?

ಮೇಡಂ: ನನ್ನದೇ ರೀ. ಹೊಳೆ ಹತ್ರ ಒಬ್ಬ ದೋಣಿಯವನಿಲ್ವಾ, ಗುಂಗುರು ಕೂದಲಿನೋನು? ಅವನ ಜೊತೆ.

ಸಾಹೇಬರು: ಅವನಾ! ದೋಣಿಗೆ ಮಿತಿಗಿಂತ ಜಾಸ್ತಿ ಭಾರ ಹೇರ್ತಿದ್ದ ಅಂತ ನಾನೇ ಅವನ ಮೇಲೆ ದೂರು ಕೊಟ್ಟು, ದೋಣಿ ಕಟ್ಟಿಹಾಕಿಸಿದೀನಿ. ಮೂರು ಸಲಾನೂ!

ಮೇಡಂ: ಅದಕ್ಕೇ ನಿಮ್ಮ ಆಟದಲ್ಲಿ ಅವನು ಯಾವಾಗ್ಲೂ ದಡದಲ್ಲಿ ಕೂತು ಅಳ್ತಿರ್ತಾನೆ.

ಸಾಹೇಬರು: ಅದು ಅಳೋದಾ? ಹಾಡು ಹೇಳ್ತಿದಾನೆ ಅಂದ್ಕೊಂಡಿದ್ದೆ.

ಮೇಡಂ: ನೋಡಿ, ಮೂರು ಸಲ ಟೋಪಿ ಬದಲಾಯಿಸಿದ್ರಿ, ತಲೆ ಬದಲಾಯಿಸಲಿಲ್ಲ. ಸೈನಿಕ ಆಗಿ ದೂರು ಕೊಟ್ರಿ, ಮಂತ್ರವಾದಿ ಆಗಿ ದೂರು ಕೊಟ್ರಿ, ಬಿಲ್ಲುಗಾರ ಆಗೀನೂ ದೂರೇ ಕೊಟ್ರಿ. ಆಟ ಪಾಪ ಏನು ಮಾಡುತ್ತೆ?

ಸಾಹೇಬರು: ಆಟದ ತಪ್ಪೂ ಇದೆ. ನಕ್ಷೆ ತುಂಬ ಚಿಕ್ಕೆ ಇಟ್ಟಿದಾರೆ. ಇಲ್ಲೊಂದು ಗುಹೆ, ಅಲ್ಲೊಂದು ಗುಹೆ. ಒಂದು ಗುಹೆ ನೋಡಿದ್ರೆ ಎಲ್ಲಾ ಗುಹೆ ನೋಡಿದ ಹಾಗೇ.

ಮೇಡಂ: ಹಾಗಿದ್ರೆ ಎಲ್ಲಾ ಗುಹೆಗೂ ಯಾಕೆ ಹೋದ್ರಿ?

ಸಾಹೇಬರು: ಚಿಕ್ಕೆ ಇತ್ತು.

ಮೇಡಂ: ಚಿಕ್ಕೆ ಇದ್ರೆ?

ಸಾಹೇಬರು: ಹೋಗಬೇಕು. ಹೋಗಿ ಬಂದ್ರೆ ಚಿಕ್ಕೆ ಅಳಿಸುತ್ತೆ. ಅಳಿಸದೆ ಬಿಟ್ರೆ ನಿದ್ದೆ ಬರುತ್ತಾ?

ಮೇಡಂ: ನಾನು ಚಿಕ್ಕೆ ಎಲ್ಲಾ ಆಫ್ ಮಾಡಿಟ್ಟಿದೀನಪ್ಪ. ದಾರಿ ತಪ್ಪಿದ್ರೇನೇ ಮಜಾ. ಯಾರಾದ್ರೂ ‘ಅಮ್ಮಾ, ಕಾಡಿಗೆ ಹೋಗಿ ಹತ್ತು ಕಟ್ಟು ಸೊಪ್ಪು ತಂದ್ಕೊಡಿ’ ಅಂದ್ರೆ ಕುದುರೆ ಅಲ್ಲೇ ತಿರುಗಿಸ್ತೀನಿ. ಸೊಪ್ಪು ತರೋದು ಮನೇಲಿ ಸಾಲದೇ?

ಸಾಹೇಬರು: ನಾನು ತಂದ್ಕೊಟ್ಟೆ. ಒಂದು ಕಟ್ಟು ಜಾಸ್ತೀನೇ ಕೊಟ್ಟೆ, ತೂಕ ಕಮ್ಮಿ ಬಂತು ಅಂತ ಯಾರೂ ಅನ್ನಬಾರದು ಅಂತ.

ಮೇಡಂ ನಗಲು ಹೋದವರು ನಗಲಿಲ್ಲ. ಗಂಡನ ಕೈಯಿಂದ ವೈರನ್ನು ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡರು.

ಮೇಡಂ: ರೀ, ನನಗೆ ಅದು ಬೇಕು. ದಿನವೆಲ್ಲ ‘ನಿಧಾನ, ನಿಧಾನ’ ಅಂತ ಬ್ರೇಕ್ ತುಳಿದು ತುಳಿದು ಕಾಲು ಬಿದ್ದುಹೋಗುತ್ತೆ. ಅಲ್ಲಿ ಒಂದು ಗಂಟೆ ಕುದುರೆ ಓಡಿಸ್ತೀನಿ. ಅದಕ್ಕೆ ಬ್ರೇಕೇ ಇಲ್ಲ.

ಗೇಮನ್ನು ಕೊಡಬಾರದು ಎಂದು ಸಾಹೇಬರಿಗೆ ಅನ್ನಿಸಿತು. ಆದರೆ ಹುಟ್ಟಿದಾಗಿನಿಂದ ಕೊಟ್ಟ ಮಾತಿಗೆ ತಪ್ಪಿದವರಲ್ಲ, ಈ ವಯಸ್ಸಿನಲ್ಲಿ ತಪ್ಪುವುದು ಹೇಗೆಂದು ಅವರಿಗೆ ಗೊತ್ತೂ ಇರಲಿಲ್ಲ.

ಸಾಹೇಬರು: ಮೊದಲೇ ಹೇಳೋದಲ್ವಾ? ಈಗ ಮಾತು ಕೊಟ್ಟುಬಿಟ್ಟಿದೀನಿ.

ಮೇಡಂ: ಹೋಗಲಿ ಬಿಡಿ. ಒಂದು ಹೇಳಿ, ಊರ ಬಾಗಿಲಲ್ಲಿ ಉಣ್ಣೆ ವ್ಯಾಪಾರಿ ಒಂದು ಗಂಟು ಕೊಡ್ತಾನಲ್ಲ, ಅದರಲ್ಲಿ ಏನಿತ್ತು ಅಂತ ನೋಡಿದಾಗ ನಿಮಗೆ ಏನನ್ನಿಸ್ತು?

ಸಾಹೇಬರು: ನಾನೆಲ್ಲಿ ನೋಡಿದೆ? ‘ಇದನ್ನ ಪೇಟೆಗೆ ಮುಟ್ಟಿಸಪ್ಪ, ಬಿಚ್ಚಬೇಡ’ ಅಂದ. ಮುಟ್ಟಿಸಿದೆ. ಒಂದು ಜೊತೆ ಬೂಟು ಕೊಟ್ಟ.

ಮೇಡಂ: ಮೂರು ಸಲಾನೂ ಬಿಚ್ಚಲಿಲ್ವಾ?

ಸಾಹೇಬರು: ಬಿಚ್ಚಬೇಡ ಅಂದಿದ್ನಲ್ಲ!

ಮೇಡಂ: ಅಯ್ಯೋ ದೇವರೇ. ಬೇರೆ ಯಾರು ಬಿಚ್ಚದಿದ್ರೂ ನಡೀತಿತ್ತು ರೀ. ನೀವು ಬಿಚ್ಚಬೇಕಿತ್ತು.

ಸಾಹೇಬರು: ಯಾಕೆ, ಏನಿತ್ತು ಅದರಲ್ಲಿ?

ಮೇಡಂ: ಹೇಳಿಬಿಟ್ರೆ ಮಜಾ ಏನು? ಇರಲಿ, ಹೇಗೂ ಬೋರು ಆಟ, ಡಾಕ್ಟ್ರಿಗೆ ಕೊಟ್ಬಿಡಿ.

ಸಾಹೇಬರು: ಚಿನ್ನವಾ?

ಮೇಡಂ: ಊಹೂಂ.

ಸಾಹೇಬರು: ವಿಷವಾ? ಯಾರದಾದ್ರೂ ತಲೆಯಾ? ಹೇಳೇ ಮಾರಾಯ್ತಿ!

ಮೇಡಂ: ನಾನು ದೋಣಿಯವನ ಹತ್ರ ಕೂಡ ಹೇಳಿಲ್ಲ. ಮದುವೆಯಾದ ಎರಡೇ ದಿನಕ್ಕೆ ಅವನ ದೋಣಿಗೆ ಬೆಂಕಿ ಇಟ್ಟು ಬಿಟ್ಟುಬಂದೆ ಅನ್ನೋದು ಬೇರೆ ವಿಷಯ.

“ನಾನು ಆಮೇಲೆ ಬರ್ಲಾ?” ಎಂದಿತು ಬಾಗಿಲಿನಿಂದ ಒಂದು ದನಿ. ಹಲ್ಲಿನ ಡಾಕ್ಟರು ಬಿಳಿ ಕೋಟಿನಲ್ಲೇ, ದೊಡ್ಡದೊಂದು ಚೀಲ ಹಿಡಿದು ನಿಂತಿದ್ದರು. ಅವರು ಮೇಡಂ ಕಡೆ ನೋಡಿದ ನೋಟದಲ್ಲಿ ಇದುವರೆಗೆ ಇಲ್ಲದ ಹೆದರಿಕೆಯಿತ್ತು.

ಸಾಹೇಬರು: ಬನ್ನಿ ಡಾಕ್ಟ್ರೇ, ಬನ್ನಿ. ಅದು ಗೇಮಿನ ಮಾತು.

ಡಾಕ್ಟರು: ಗೇಮಲ್ಲಿ ಬೆಂಕಿ ಇಡ್ತಾರಾ? ಏನ್ರೀ, ಬೋರು ಅಂದಿದ್ರಿ! ಮೀನು ನಂಬಿ ಒಂದು ಸಲ ಕೆಟ್ಟಿದೀನಿ. ಇದು ಬೋರೇ ತಾನೆ? ನೀವು ಗ್ಯಾರಂಟಿ ಅಂದ್ರೆ ಕಣ್ಣು ಮುಚ್ಚಿ ತಗೊಂಡು ಹೋಗ್ತೀನಿ.

ಸಾಹೇಬರ ತಲೆಯೊಳಗೆ ಹೊಕ್ಕ ಗಂಟಿನ ಹುಳ ಹೊರಗೆ ಬರಲು ಒಪ್ಪಲಿಲ್ಲ.

ಸಾಹೇಬರು: ಒಂದೇ ನಿಮಿಷ. ಗ್ಯಾರಂಟಿ ಕೊಡೋ ಮುಂಚೆ ಮಾಲನ್ನ ಇನ್ನೊಂದು ಸಲ ಪರೀಕ್ಷೆ ಮಾಡಬೇಕು. ನಿಯಮ.

ಮೇಡಂ: ಹೌದೌದು, ನಿಯಮ. ಕೂತ್ಕೊಳಿ ಡಾಕ್ಟ್ರೇ.

ಸುತ್ತಿದ ವೈರು ಕ್ಷಣದಲ್ಲಿ ಬಿಚ್ಚಿಕೊಂಡಿತು. ಸಾಹೇಬರು ಹೊಸದಾಗಿ ಆಟ ಶುರುಮಾಡಿ ಸೀದಾ ಊರ ಬಾಗಿಲಿಗೆ ಹೋದರು. ಉಣ್ಣೆ ವ್ಯಾಪಾರಿ ಕೈಮುಗಿದು ಗಂಟು ಕೊಟ್ಟ. ‘ಬಿಚ್ಚು’ ಎಂಬ ಗುಂಡಿಯ ಮೇಲೆ ಸಾಹೇಬರ ಹೆಬ್ಬೆರಳು ಹೋಗಿ ಹಿಂದೆ ಬಂತು.

ಸಾಹೇಬರು: ಅಪರಾಧ ಕಣೆ ಇದು.

ಮೇಡಂ: ಪರೀಕ್ಷೆ ರೀ ಇದು. ಒತ್ತಿ.

ಒತ್ತಿದರು. ಗಂಟು ಬಿಚ್ಚಿತು. ಒಳಗೆ ಸಾಲಾಗಿ ಜೋಡಿಸಿದ ತೂಕದ ಕಲ್ಲುಗಳು. ಒಂದನ್ನು ತಿರುವಿ ನೋಡಿದರೆ ತಳದಲ್ಲಿ ಕೊರೆದು ಟೊಳ್ಳು ಮಾಡಿತ್ತು.

ಸಾಹೇಬರು: ಕಳ್ಳ ತೂಕ!

ಡಾಕ್ಟರು: ಏನಾಯ್ತು?

ಸಾಹೇಬರು: ಕಳ್ಳ ತೂಕ ಡಾಕ್ಟ್ರೇ! ನನ್ನ ಕೈಲಿ! ಇಡೀ ಪೇಟೆಗೆ ಮೂರು ಸಲ ನಾನೇ ಹೊತ್ತು ಹಾಕಿದೀನಿ!

ಮೇಡಂ: ಬೂಟೂ ಇಸ್ಕೊಂಡಿದೀರ.

ಸಾಹೇಬರು: ಎಲ್ಲಿ ಓಡಿದ ಆ ಉಣ್ಣೆ ವ್ಯಾಪಾರಿ? ಹಿಡೀರಿ ಅವನನ್ನ! ಕುದುರೆ ಹತ್ತೋದು ಯಾವ ಗುಂಡೀಲಿ?

ಮೇಡಂ: ಮೂರು ಸಲ ಆಡಿ ಕುದುರೆ ಹತ್ತಿಲ್ವಾ? ಮೇಲಿಂದು. ಹಾಂ. ಈಗ ಬಲಕ್ಕೆ!

ಸಾಹೇಬರು: ಆ ಕಡೆ ಹೋಗಬಾರದು ಅಂತ ಬೋರ್ಡಿದೆ.

ಮೇಡಂ: ಹೋಗಿ ರೀ! ಒತ್ತಿ, ಇನ್ನೂ ಜೋರಾಗಿ ಒತ್ತಿ! ಪಕ್ಕದಲ್ಲಿ ಯಾರೂ ಬ್ರೇಕ್ ಹಾಕಲ್ಲ!

ಡಾಕ್ಟರು: ಎಡಕ್ಕೆ! ಎಡಕ್ಕೆ ತಿರುಗಿದ ನೋಡಿ ಕಳ್ಳ! ಮಡಕೆ ಅಂಗಡಿ ಒಳಗಿಂದ ಹೋಗಿ!

ಸಾಹೇಬರು ಮಡಕೆ ಅಂಗಡಿಯೊಳಗಿಂದಲೇ ಹೋದರು. ಒಂದು ಮಡಕೆಯೂ ಉಳಿಯಲಿಲ್ಲ. ‘ಕ್ಷಮಿಸಿ, ಕ್ಷಮಿಸಿ’ ಎನ್ನುತ್ತಲೇ ಸೇತುವೆಯ ಮೇಲಿಂದ ಕುದುರೆ ಹಾರಿಸಿದರು, ಕಾವಲುಗಾರನಿಗೆ ಹಸಿ ಹಸಿ ಸುಳ್ಳು ಹೇಳಿದರು, ಅವನು ನಂಬಿದಾಗ ತೊಡೆ ತಟ್ಟಿಕೊಂಡು ನಕ್ಕರು. ಹೆಂಡತಿಯ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು. ಡಾಕ್ಟರ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು.

ಡಾಕ್ಟರು: ಹಲೋ? ಇಂಜೆಕ್ಷನ್ ಕೊಟ್ಟಿದ್ನಲ್ಲ, ಅವರ ದವಡೆ ಮರಗಟ್ಟಿದ್ದು ಬಿಟ್ಟುಹೋಗ್ತಿದೆಯಂತಾ? ಇನ್ನೈದು ನಿಮಿಷ ಬಾಯಿ ತೆರ್ಕೊಂಡೇ ಇರೋಕೆ ಹೇಳಮ್ಮ, ಇಲ್ಲೊಬ್ಬ ಕಳ್ಳ ಮನೆ ಸೂರು ಹತ್ತಿದಾನೆ!

ಫೋನಿಟ್ಟ ಡಾಕ್ಟರು ಎದ್ದು ನಿಂತರು. ಕೆಳಗೆ ಬಿಟ್ಟಿದ್ದ ಚೀಲವನ್ನು ಎತ್ತಿಕೊಂಡರು.

ಡಾಕ್ಟರು: ಸಾಹೇಬ್ರೇ, ಇದು ನನ್ನ ವೇಟಿಂಗ್ ರೂಮಿಗೆ ಖಂಡಿತ ಬೇಡ.

ಸಾಹೇಬರು: ಅಬ್ಬ! ಬೇಡ ತಾನೆ?

ಡಾಕ್ಟರು: ಅಲ್ಲಿಗೆ ಬೇಡ. ನನ್ನ ಮನೆಗೆ ಬೇಕು. ಮಾತು ಕೊಟ್ಟಿದ್ರಲ್ಲ, ಕೊಡಿ. ಇಡೀ ಪೇಟೆಗೆ ಗೊತ್ತು, ನೀವು ಮಾತು ತಪ್ಪೋರಲ್ಲ.

ಮೇಡಂ ಎದ್ದು, ಬೀರುವಿನ ಹಿಂದಿನಿಂದ ಆ ರಟ್ಟಿನ ಪೆಟ್ಟಿಗೆಯನ್ನು ತಂದು ಗಂಡನ ಮುಂದೆ ಇಟ್ಟರು. ತನಗಾಗಿ ಮಾತು ಮುರಿಯಿರಿ ಎಂದು ಕೇಳುವವರಲ್ಲ ಅವರು. ಸಾಹೇಬರು ಕಂಟ್ರೋಲರನ್ನು ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು, ಅಂಗಡಿಯವರನ್ನು ನಡುಗಿಸುವ ದನಿಯಲ್ಲಿ ಕೇಳಿದರು.

ಸಾಹೇಬರು: ನಾನು ಏನನ್ನ ಕೊಡ್ತೀನಿ ಅಂದಿದ್ದೆ?

ಡಾಕ್ಟರು: ಗೇಮು.

ಸಾಹೇಬರು: ಬರೀ ಗೇಮಲ್ಲ. ಬೋರು ಗೇಮು. ನೀವೂ ಅದನ್ನೇ ಕೇಳಿದ್ರಿ. ಹೇಳಿದ ಮಾಲು ಒಂದು, ಕೊಡೋ ಮಾಲು ಇನ್ನೊಂದು ಆದ್ರೆ ಅದು ಮೋಸ ಡಾಕ್ಟ್ರೇ. ಇದನ್ನ ನಿಮಗೆ ಕೊಟ್ರೆ ನನ್ನ ಮೇಲೆ ನಾನೇ ಕೇಸು ಹಾಕಬೇಕಾಗುತ್ತೆ.

ಡಾಕ್ಟರು: ಅಂದ್ರೆ ಇದು ಬೋರಲ್ಲ ಅಂತೀರಾ?

ಸಾಹೇಬರು: ಅಲ್ಲ.

ಮೇಡಂ: ಏನಂದ್ರಿ? ಈ ಕಡೆ ತಿರುಗಿ ಹೇಳಿ.

ಸಾಹೇಬರು: ಬೋರಲ್ಲ ಅಂದೆ.

ಮೇಡಂ: ಮತ್ತೆ ಮೂರು ಸಲಾನೂ ಬೋರಾಗಿದ್ದು ಯಾವುದು?

ಸಾಹೇಬರು ಕಿಟಕಿ ನೋಡಿದರು, ಚಾವಣಿ ನೋಡಿದರು. ಅಳತೆಯಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲ.

ಸಾಹೇಬರು: ಆಡ್ತಿದ್ದವನು.

ಡಾಕ್ಟರ ಮುಖ ಅರಳಿತು. ಅವರು ಚೀಲದ ಬಾಯಿಯನ್ನು ಅಗಲಿಸಿ ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ಡಾಕ್ಟರು: ಇನ್ನೇನು ಮತ್ತೆ! ಮೇಡಂ, ನನಗೆ ಬೇಕಾಗಿದ್ದ ಮಾಲು ಸಿಕ್ತು. ಇವರನ್ನೇ ಕೊಟ್ಬಿಡಿ, ವೇಟಿಂಗ್ ರೂಮಲ್ಲಿ ಕೂರಿಸ್ತೀನಿ. ಇವರ ಹತ್ರ ಎರಡು ಮಾತಾಡಿದ್ರೆ ಸಾಕು, ರೋಗಿಗಳು ಹಲ್ಲು ಹಿಡ್ಕೊಂಡು ಓಡೋಡಿ ಒಳಗೆ ಬರ್ತಾರೆ.

ಮೇಡಂ ಗಂಡನ ಕಡೆ ತಿರುಗಿದರು. ಸಾಹೇಬರು ಆಗಲೇ ಕಂಟ್ರೋಲರನ್ನು ಮತ್ತೆ ಕೈಗೆತ್ತಿಕೊಂಡು ಸೋಫಾದ ತುದಿಗೆ ಬಂದಿದ್ದರು. ತಲೆ ಕೆದರಿತ್ತು, ಒಂದು ಕಾಲುಚೀಲ ಕಳಚಿತ್ತು. ಪರದೆಯ ಮೇಲೆ ಅವರ ಕುದುರೆ ಉಣ್ಣೆ ವ್ಯಾಪಾರಿಯ ಮನೆಯ ಸೂರಿನ ಮೇಲೆ ನಿಂತಿತ್ತು.

ಮೇಡಂ: ಬೆಳಿಗ್ಗೆ ಬಂದಿದ್ರೆ ಕೊಟ್ಬಿಡ್ತಿದ್ದೆ ಡಾಕ್ಟ್ರೇ. ಈಗ ಇವರೂ ಹೇಳಿದ ಮಾಲಲ್ಲ.