ವೈನಿ ಮೆಚ್ಚಿದ ಬಟ್ಟೆ

ನಮ್ಮ ವೈನಿ ನಿಮ್ಮ ಅಂಗಿಯನ್ನು ಹೊಗಳಿದರೆ ದಯವಿಟ್ಟು ಥ್ಯಾಂಕ್ಸ್ ಹೇಳುತ್ತಾ ನಿಲ್ಲಬೇಡಿ. ನೆಟ್ಟಗೆ ಮನೆಗೆ ಹೋಗಿ ಜಿಪಿಗೆ, ಅಂದರೆ ಇಲ್ಲಿಯ ಬಡಾವಣೆ ಡಾಕ್ಟರಿಗೆ, ಫೋನ್ ಮಾಡಿ. ಅಪಾಯಿಂಟ್‌ಮೆಂಟ್ ಸಿಗುವುದು ಹೇಗೂ ತಡವಾಗುತ್ತದೆ, ಅಷ್ಟರಲ್ಲಿ ಬಾಕಿ ಕೆಲಸಗಳನ್ನೆಲ್ಲ ಮುಗಿಸಿಕೊಳ್ಳಬಹುದು! ತಮಾಷೆ ಎಂದುಕೊಂಡಿರಾ? ಬರ್ಮಿಂಗ್‌ಹ್ಯಾಮಿನಿಂದ ಲೀಡ್ಸ್‌ವರೆಗೆ ಯಾವ ಕನ್ನಡದ ಮನೆಯಲ್ಲಿ ಬೇಕಾದರೂ ವಿಚಾರಿಸಿ ನೋಡಿ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನಮ್ಮ ಧಾರವಾಡದ ಕಡೆ ಅತ್ತಿಗೆಯನ್ನು ಹಾಗೆ ಕರೆಯುತ್ತೇವೆ. ಅಣ್ಣ ಮ್ಯಾಂಚೆಸ್ಟರಿನಲ್ಲಿ ಡಾಕ್ಟರ್, ಮನೆ ಡಿಡ್ಸ್‌ಬರಿಯಲ್ಲಿ. ಅವನು ಆಸ್ಪತ್ರೆಯಲ್ಲಿ ಜನರನ್ನು ಬದುಕಿಸಲು ಹೆಣಗುತ್ತಿದ್ದರೆ ಇವರು ಮನೆಯಲ್ಲಿ ಅದೇ ಜನರ ಬಟ್ಟೆಯ ಮೇಲೆ ಕಣ್ಣಿಟ್ಟು ಕೂತಿರುತ್ತಾರೆ. ಜವಳಿ ಕಲಾವಿದೆ ಎಂಬುದು ಗ್ಯಾಲರಿಯವರು ಕೊಟ್ಟ ಬಿರುದು. ಹಳೆ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುತ್ತಾರೆ ಎಂದರೆ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ನಾವು ಹೊದ್ದು ಗೊರಕೆ ಹೊಡೆಯುವ ಕೌದಿಯನ್ನು ಇಲ್ಲಿಯವರು ಗೋಡೆಗೆ ತೂಗುಹಾಕಿ, ಕೈಕಟ್ಟಿಕೊಂಡು, ತಲೆ ಓರೆ ಮಾಡಿಕೊಂಡು ನೋಡುತ್ತಾರೆ.

ಮೊದಮೊದಲು ಇವರಿಗಿದ್ದದ್ದು ತಿರುಗಾಟದ ಹುಚ್ಚು ಮಾತ್ರ. ರಜೆ ಸಿಕ್ಕರೆ ಜನ ಸ್ಪೇನಿಗೆ ಹೋಗಿ ಮರಳಿನ ಮೇಲೆ ಬಿದ್ದುಕೊಳ್ಳುತ್ತಾರೆ. ಇವರು ಅಣ್ಣನನ್ನು ಕಛ್‌ಗೆ ಎಳೆದೊಯ್ದು ಬಿಸಿಲಲ್ಲಿ ಕೂರಿಸಿ, ತಾವು ಕನ್ನಡಿ ಹಚ್ಚುವ ಕಸೂತಿ ಕಲಿತು ಬಂದರು. ಮುಂದಿನ ರಜೆ ಪೂರಾ ಇಳಕಲ್ಲಿನ ಮಗ್ಗದ ಮುಂದೆ ಕಳೆಯಿತು. ಅಣ್ಣನ ಪ್ರವಾಸದ ಆಲ್ಬಮ್ಮುಗಳಲ್ಲಿ ಅಣ್ಣನೇ ಇಲ್ಲ, ಬರೀ ಸೆರಗುಗಳಿವೆ!

ಆಮೇಲೆ ಬಂತು ಯಾರ್ಕ್‌ಶೈರಿನ ಆ ಹಳ್ಳಿ. ಅಂದು ಕಾರು ಓಡಿಸಿದವನು ನಾನೇ. ಆ ಕಡೆ ಹಿಂದೆ ಹರಿದ ಕೋಟು, ಲಂಗಗಳನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಗೋಣಿಗೆ ಚುಚ್ಚಿ, ಬೆಂಕಿಗೂಡಿನ ಮುಂದೆ ಹಾಸಲು ಚಾಪೆ ಮಾಡುತ್ತಿದ್ದರಂತೆ. ಅದನ್ನು ಬಲ್ಲ ಒಬ್ಬ ಅಜ್ಜಿಯನ್ನು ವೈನಿ ಪತ್ತೆ ಹಚ್ಚಿದ್ದರು. ಹೊರಗೆ ಕಾರಿನ ಮೂತಿಯೂ ಕಾಣದಷ್ಟು ಮಂಜು. ಒಳಗೆ ಅಜ್ಜಿ ಚಾಪೆಯ ಬಣ್ಣಗಳ ಮೇಲೆ ಕೋಲು ಊರುತ್ತಾ, "ಇದು ನನ್ನ ಅಮ್ಮ, ಇದು ಗಣಿಗೆ ಹೋಗಿದ್ದ ಅಣ್ಣ" ಎಂದು ಮನೆಯವರನ್ನು ಪರಿಚಯಿಸುವಂತೆ ಹೇಳುತ್ತಿದ್ದಳು. ನಾನು ಚಹಾದ ಕಪ್ಪು ತೆಗೆದುಕೊಳ್ಳಲು ಒಂದು ಹೆಜ್ಜೆ ಮುಂದಿಟ್ಟೆ.

"ಅಲ್ಲಿ ಕಾಲಿಡಬೇಡ ಮಗು, ಅದು ನನ್ನ ಗಂಡ" ಎಂದಳು ಅಜ್ಜಿ.

ಎತ್ತಿದ ಕಾಲನ್ನು ಎಲ್ಲಿಡುವುದು? ಒಂದು ಕಡೆ ಗಂಡ, ಇನ್ನೊಂದು ಕಡೆ ಅಮ್ಮ! ಕೊಕ್ಕರೆಯ ಹಾಗೆ ನಿಂತೇ ಚಹಾ ಕುಡಿದೆ. ವಾಪಸು ಬರುವಾಗ ವೈನಿ ಲೀಡ್ಸ್ ದಾಟುವವರೆಗೂ ತಮ್ಮ ಸೆರಗಿನ ಅಂಚನ್ನು ಬೆರಳಲ್ಲಿ ಉಜ್ಜುತ್ತಾ ಕೂತಿದ್ದರು. ಆಮೇಲೆ ಮೆಲ್ಲಗೆ, "ನೋಡಿದೇನು? ಎಲ್ಲಾರೂ ಅಲ್ಲೇ ಅದಾರ. ಯಾರೂ ಎಲ್ಲೂ ಹೋಗಿಲ್ಲ" ಎಂದರು. ನಾನು ಕಾರಿನ ಹೀಟರನ್ನು ಪೂರ್ತಿ ತಿರುಗಿಸಿದೆ. ಚಳಿ ಹೋಗಲಿಲ್ಲ.

ಕಂಡವರ ಬಟ್ಟೆಯನ್ನು ಮುಂಗಡ ಕಾಯ್ದಿರಿಸುವ ಚಾಳಿ ಶುರುವಾದದ್ದು ಅಲ್ಲಿಂದ. ದೀಪಾವಳಿಗೆ ಸೇರಿದ್ದಾಗ ಲೀಡ್ಸಿನ ಹಿರಿಯ ಡಾಕ್ಟರೊಬ್ಬರ ಟ್ವೀಡ್ ಉಣ್ಣೆಯ ಕೋಟಿನ ತೋಳನ್ನು ಸವರಿ, "ಡಾಕ್ಟ್ರ, ಈ ಕೋಟು ನಿಮ್ಮ ನಂತರ ನಂಗ ಕೊಡ್ರಿ" ಎಂದು ಕೇಳಿಬಿಟ್ಟರು. ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕು, "ಆಗಲಿ ತಾಯಿ, ನಿಮಗೇ" ಎಂದರು. ಸಂಕ್ರಾಂತಿಯ ಹೊತ್ತಿಗೆ ಕೋಟು ಪಾರ್ಸೆಲ್ಲಿನಲ್ಲಿ ಡಿಡ್ಸ್‌ಬರಿಗೆ ಬಂತು. ಆಮೇಲೆ ಲಫ್‌ಬರೋದಲ್ಲಿ ಮಗಳ ಮನೆಯಲ್ಲಿದ್ದ ಒಬ್ಬ ಅಜ್ಜಿಯ ಶಾಲನ್ನು ಕೇಳಿದರು. ಬೇಸಿಗೆ ಮುಗಿಯುವಷ್ಟರಲ್ಲಿ ಶಾಲೂ ಬಂತು! ಇಬ್ಬರಿಗೂ ವಯಸ್ಸಾಗಿತ್ತು, ಕಾಯಿಲೆಯೂ ಇತ್ತು, ಒಪ್ಪುತ್ತೇನೆ. ಆದರೆ ಒಪ್ಪುವುದು ಬೇರೆ, ವೈನಿಯ ಎದುರು ಒಳ್ಳೆ ಬಟ್ಟೆ ಹಾಕಿಕೊಂಡು ನಿಲ್ಲುವುದು ಬೇರೆ.

ಪುಣ್ಯಕ್ಕೆ ಇವರಿಗೆ ಪಾಲಿಯೆಸ್ಟರ್ ಕಂಡರಾಗದು. ಈ ಗುಟ್ಟು ಹೊರಬಿದ್ದ ಮೇಲೆ ಬರ್ಮಿಂಗ್‌ಹ್ಯಾಮಿನ ಯುಗಾದಿ ಊಟಕ್ಕೆ ಒಂದಾದರೂ ರೇಷ್ಮೆ ಸೀರೆ ಬರಬೇಕಲ್ಲ? ಸಭಾಂಗಣದ ತುಂಬ ಪಾಲಿಯೆಸ್ಟರ್! ಕುರ್ಚಿಯಿಂದ ಎದ್ದವರ ಮೈಯೆಲ್ಲ ಚಟಚಟ. ಕೊವೆಂಟ್ರಿಯ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡುವವನೊಬ್ಬ ಹೋಳಿಗೆ ಮುರಿಯುತ್ತಾ, "ಬಿಪಿ ಮಾತ್ರೆಗಿಂತ ಇದೇ ವಾಸಿ ಕಣೋ" ಎಂದು ತನ್ನ ಹೊಳೆಯುವ ಅಂಗಿಯನ್ನು ತಟ್ಟಿಕೊಂಡ.

ಇನ್ನು ಅವರ ಮನೆಯಲ್ಲಿ ಉಳಿದುಕೊಳ್ಳುವ ಸುಖ ಕೇಳಬೇಡಿ. ಡಿಸೆಂಬರಿನ ಒಂದು ಮಧ್ಯಾಹ್ನ, ಊಟ ಮುಗಿಸಿ, ಅತಿಥಿಗಳ ಕೋಣೆಯಲ್ಲಿ ಸಿಕ್ಕ ಕೌದಿ ಹೊದ್ದು ಅಡ್ಡಾದೆ. ಇಲ್ಲಿ ಆ ತಿಂಗಳು ಮಧ್ಯಾಹ್ನಕ್ಕೂ ಸಂಜೆಗೂ ವ್ಯತ್ಯಾಸವಿಲ್ಲ, ಕೋಣೆ ಆಗಲೇ ಮಬ್ಬಾಗಿತ್ತು. ನನ್ನ ಮೈ ಬಿಸಿಗೆ ಕೌದಿ ಬೆಚ್ಚಗಾದಂತೆ ಎದೆಯ ಹತ್ತಿರದ ಟ್ವೀಡ್ ತುಂಡಿನಿಂದ ಮೆಲ್ಲಗೆ ಪೈಪ್ ತಂಬಾಕಿನ ವಾಸನೆ ಏಳತೊಡಗಿತು. ನಮ್ಮ ಮನೆಯಲ್ಲಿ ಯಾರೂ ಹೊಗೆ ಸೇದುವುದಿಲ್ಲ. ಪೈಪ್ ಸೇದುತ್ತಿದ್ದವರು ಲೀಡ್ಸಿನ ಡಾಕ್ಟರು! ಉಸಿರು ಬಿಗಿಹಿಡಿದೆ. ಆದರೂ ಕೋಣೆಯಲ್ಲಿ ಯಾರೋ ಉಸಿರಾಡುತ್ತಲೇ ಇದ್ದಂತಿತ್ತು. ಸರಿಯಾಗಿ ಆಗಲೇ ಕೆಳಗಿನ ಅಡುಗೆಮನೆಯಿಂದ ವೈನಿಯ ದನಿ ಕೇಳಿತು.

"ಏನಂತಾರಪಾ ಡಾಕ್ಟ್ರು?"

ನಾನು ಮೆಟ್ಟಿಲಿಳಿದ ವೇಗಕ್ಕೆ ಅಣ್ಣ ಪೇಪರಿನಿಂದ ತಲೆಯೆತ್ತಿ, "ಆ ಕೌದಿ ಹೊದ್ದಿಯೇನು? ನಾನೂ ಹೊದಿಯಂಗಿಲ್ಲ ಬಿಡು" ಎಂದ.

ಇಷ್ಟೆಲ್ಲ ಗೊತ್ತಿದ್ದೂ ಮುಂದಿನ ಚಳಿಗಾಲ ನಾನೇ ಸಿಕ್ಕಿಹಾಕಿಕೊಂಡೆ. ವೈನಿ ಕೊವೆಂಟ್ರಿಯ ನಮ್ಮ ಮನೆಗೆ ಹೇಳದೆ ಕೇಳದೆ ಬಂದರು. ನನ್ನ ಮೈಮೇಲೆ ಅಪ್ಪಟ ಉಣ್ಣೆಯ ಹಸಿರು ಸ್ವೆಟರ್! ಅವರು ತೋಳು ಹಿಡಿದು, ಬೆರಳಲ್ಲಿ ಉಜ್ಜಿ, ಕಣ್ಣು ಸಣ್ಣ ಮಾಡಿದರು.

"ಭಾಳ ಛಲೋ ಐತಿ. ಇದು ನಿನ್ನ ನಂತರ ನಂಗ ಇರಲಿ."

ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಕೈಯಿಂದ ಸೌಟು ಬಿತ್ತು. ನಾನು ನಕ್ಕೆ. ನಗದೆ ಇನ್ನೇನು ಮಾಡಲಿ? ಆದರೆ ಕೆಲವೇ ದಿನಗಳಲ್ಲಿ ಕಾರ್ಖಾನೆಯ ಮೆಟ್ಟಿಲು ಹತ್ತುವಾಗ ಎದೆಯನ್ನು ಯಾರೋ ಒಳಗಿನಿಂದ ಹಿಂಡಿದಂತಾಯಿತು. ಜಿಪಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿಯವರು ಹೃದಯದ ಚಿತ್ರ ತೋರಿಸಿ, ರಕ್ತನಾಳಗಳು ಕಟ್ಟಿಕೊಂಡಿವೆ, ಬೈಪಾಸ್ ಆಗಲೇಬೇಕು ಎಂದರು. ಅಣ್ಣ ಫೋನಿನಲ್ಲಿ ಧೈರ್ಯ ಹೇಳಿದ, ಆದರೆ ಅವನ ದನಿಯಲ್ಲೇ ಅದು ಇರಲಿಲ್ಲ. ಹೆಂಡತಿ ಸ್ವೆಟರನ್ನು ಎಲ್ಲಿ ಬಚ್ಚಿಟ್ಟಳೋ, ನನಗೂ ಹೇಳಲಿಲ್ಲ.

ಆಪರೇಷನ್ನಿನ ಹಿಂದಿನ ದಿನ, ನೋಡುವವರನ್ನು ಒಳಬಿಡುವ ಹೊತ್ತಿಗೆ ಬಾಗಿಲಲ್ಲಿ ವೈನಿ ಕಾಣಿಸಿಕೊಂಡರು. ಕೋಟಿನ ಮೇಲೆ ಇನ್ನೂ ಹಿಮದ ಪುಡಿ, ಮುಖದಲ್ಲಿ ಒಂದು ಹನಿ ನಗುವಿಲ್ಲ. ಹೆಂಡತಿ ಅವರತ್ತ ನೋಡದೆ ಎದ್ದು ಚಹಾ ತರಲು ಹೋದಳು. ನಾನು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡೆ. ಬದುಕಬೇಕೆಂಬ ಆಸೆ ಅಷ್ಟಿದೆ ಎಂದು ಅಲ್ಲಿಯವರೆಗೆ ನನಗೇ ತಿಳಿದಿರಲಿಲ್ಲ.

"ಸ್ವೆಟರ್ ತಗೊಂಡು ಹೋಗಾಕ ಬಂದ್ರೇನ್ರಿ ವೈನಿ?" ಎಂದೆ. ತಮಾಷೆಗೆಂದು ಶುರು ಮಾಡಿದ ಮಾತು ಮುಗಿಯುವಷ್ಟರಲ್ಲಿ ತಮಾಷೆಯಾಗಿ ಉಳಿಯಲಿಲ್ಲ.

ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು.

"ನಮ್ಮಪ್ಪ ತೀರಿಕೊಂಡಾಗ ನಾ ಇಲ್ಲಿದ್ದೆ. ವಿಮಾನ ಹಿಡದು ಊರು ಮುಟ್ಟೋದ್ರಾಗ ಮಣ್ಣು ಮಾಡಿ ಮುಗಿಸಿದ್ರು. ಅಂಗಿ, ಧೋತರ, ಅವರ ಅರಿವಿ ಎಲ್ಲಾ ಯಾರ್ಯಾರಿಗೋ ಕೊಟ್ಟುಬಿಟ್ಟಿದ್ರು. ಮೂಗಿಗೆ ಹಚ್ಚಿಕೊಂಡು ಅಳಾಕ ಅಪ್ಪನ ಒಂದು ಟಾವೆಲ್ ಸೈತ ಉಳದಿರಲಿಲ್ಲ. ಆ ಅಜ್ಜಿ ಚಾಪಿ ಮ್ಯಾಲೆ ಮನಿ ಮಂದೀನೆಲ್ಲಾ ಇಟಗೊಂಡಿದ್ಲಲ್ಲ, ಅದನ್ನ ನೋಡಿ ನನಗ ಹೊಟ್ಟಿಕಿಚ್ಚು ಬಂತು. ಅದಕ್ಕ ಮೊದಲ ಕೇಳಿ ಇಡತೀನಿ. ಸಾಯಲಿ ಅಂತಲ್ಲೋ! ಯಾರನ್ನ ಕಳಕೊಳ್ಳೋದು ಆಗಂಗಿಲ್ಲೋ ಅವರನ್ನಷ್ಟ ಕೇಳತೀನಿ."

ಇವರನ್ನು ಕಂಡು ನಾವೆಲ್ಲ ಹೆದರಿದ್ದೇನು, ಪಾಲಿಯೆಸ್ಟರ್ ತೊಟ್ಟು ನಕ್ಕಿದ್ದೇನು! ಕೋಟಿನ ಕೆಳಗೆ ಅವರು ನೀಲಿ ನೂಲಿನ ಸೀರೆ ಉಟ್ಟಿದ್ದರು. ಒಗೆದು ಒಗೆದು ಮೆತ್ತಗಾಗಿದ್ದ ಸೀರೆ, ಅಂಚಿಗೆ ಅವರದೇ ಕೈಯ ಹೊಲಿಗೆ. ಅವರಿಗೆ ಮಕ್ಕಳಿಲ್ಲ. ನಾನು ಸೆರಗಿನ ತುದಿಯನ್ನು ಹಿಡಿದುಕೊಂಡೆ.

"ವೈನಿ, ಈ ಸೀರಿ ನಿಮ್ಮ ನಂತರ ನಂಗ ಕೊಡ್ರಿ."

ಅವರು ನನ್ನ ಮುಖವನ್ನೇ ದಿಟ್ಟಿಸಿದರು. ಆಮೇಲೆ, ವಾರ್ಡಿನಲ್ಲಿ ಉಳಿದವರೂ ತಿರುಗಿ ನೋಡುವ ಹಾಗೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು.

"ನನ್ನ ಅರಿವಿ ಇಷ್ಟು ದಿನ ಯಾರೂ ಕೇಳಿರಲಿಲ್ಲಪಾ" ಎಂದು ಮೂಗೊರೆಸಿಕೊಂಡು, ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. "ಹಂಗಾದ್ರ ನನಗಿಂತ ಹೆಚ್ಚು ದಿನ ನೀ ಇರಬೇಕಾಗ್ತೈತಿ, ನೋಡು."

"ಇರ್ತೀನ್ರಿ" ಎಂದೆ. ಹಾಗೆಂದ ಮೇಲೆ ಮೊದಲ ಬಾರಿಗೆ ನನಗೂ ಹಾಗೇ ಅನ್ನಿಸಿತು.