ಸೋಪು ಎಳೆಯದ ಮೆಷಿನ್ನು

ಕೊಳ್ಳೇಗಾಲದ ಸಾಹುಕಾರ ಕೆಂಪನಂಜಪ್ಪನವರ ಬಸ್ ಷೆಡ್ಡಿನಲ್ಲಿ ಅವತ್ತು ಬೆಳಿಗ್ಗೆ ವಾಟರ್ ಸರ್ವಿಸ್ ಮೆಷಿನ್ನು ನೀರನ್ನೇನೋ ಆನೆ ಸೊಂಡಿಲಿನಂತೆ ಚಿಮ್ಮಿಸಿತು. ಸೋಪನ್ನು ಮಾತ್ರ ಒಂದು ತೊಟ್ಟೂ ಎಳೆಯಲಿಲ್ಲ. ಬಸ್ಸು ತೊಳೆಯುವ ಷಡಕ್ಷರಿ ಸೋಪಿನ ಡ್ರಮ್ಮಿಗೆ ಇಳಿಬಿಟ್ಟಿದ್ದ ಟ್ಯೂಬನ್ನು ಅಲ್ಲಾಡಿಸಿ ನೋಡಿದ. ಸಾಹುಕಾರರ ಮಗಳನ್ನು ನೋಡಲು ಹನೂರಿನ ಬೀಗರು ಇನ್ನೇನು ಬರುವವರಿದ್ದರು. ಸಾಹುಕಾರರಿಗಿದ್ದುದು ಒಂದೇ ಬಸ್ಸು. ಹೊಚ್ಚ ಹೊಸದೆಂದು ಊರಿಗೆಲ್ಲ ಹೇಳಿಕೊಂಡಿದ್ದರು. ಅದೋ, ಲೊಕ್ಕನಹಳ್ಳಿ ರಸ್ತೆಯ ಕೆಸರು ಮೆತ್ತಿಕೊಂಡು ಕೆರೆಯಿಂದೆದ್ದ ಎಮ್ಮೆಯ ಹಾಗೆ ನಿಂತಿತ್ತು.

"ಅವ್ರು ಬರೋ ಒತ್ಗೆ ಫಳಫಳ ಅನ್ಬೇಕು ಕಣ್ಲಾ. ಇಲ್ದಿದ್ರೆ ನಾಳೆಯಿಂದ ಈ ಕಡೆ ತಲೆ ಆಕ್ಬೇಡ" ಎಂದು ಸಾಹುಕಾರರು ಹೇಳಿ ಹೋಗಿದ್ದರು.

ಎದುರಿನ ಟೀ ಅಂಗಡಿಯ ನಾಗಯ್ಯ ಓಡಿಬಂದ. "ಟ್ಯೂಬಲ್ಲಿ ಗಾಳಿ ಸೇರ್ಕಂಡದೆ. ಬಾಯಾಕಿ ಎಳಿಯಲಾ!"

ಷಡಕ್ಷರಿ ಎಳೆದ. ಟ್ಯೂಬಲ್ಲಿ ಉಳಿದಿದ್ದ ಸೋಪು ಬಂತು, ನೇರ ಹೊಟ್ಟೆಗೆ. ತೇಗಿದರೆ ಗುಳ್ಳೆ.

ಇಡ್ಲಿ ಮಾರುವ ಶಂಕರಮ್ಮ ಸುಮ್ಮನಿರುತ್ತಾಳೆಯೇ? "ಸೋಪು ಗಟ್ಟಿಯಾಗದೆ ಕಣಪ್ಪ. ಒಗೆಯೋ ಸೋಡ ಆಕುದ್ರೆ ಕರಗೋಯ್ತದೆ" ಎಂದವಳೇ ಡ್ರಮ್ಮಿಗೆ ಮೊರದ ತುಂಬ ಸೋಡ ಸುರಿದುಬಿಟ್ಟಳು.

ಷಡಕ್ಷರಿ ಬೆವರುತ್ತ ಟ್ಯೂಬು ಬಿಚ್ಚಿದ. ತುದಿಯ ಜಾಲರಿಗೆ ಸೋಪು ಕೊಬ್ಬರಿ ಮಿಠಾಯಿಯಂತೆ ಕಚ್ಚಿಕೊಂಡಿತ್ತು. ಕೆರೆದು ತೆಗೆದ. ಒಳಗೆ ವಾಲ್ವಿನ ಗುಂಡೂ ಅಂಟಿಕೊಂಡಿತ್ತು. ಪೊರಕೆ ಕಡ್ಡಿಯಿಂದ ಚುಚ್ಚಿದ. ಟಕ್ಕೆಂದು ಬಿಟ್ಟುಕೊಂಡಿತು. ಮತ್ತೆ ಜೋಡಿಸಿ ಮೆಷಿನ್ನು ಹಾಕಿದರೆ, ನೊರೆಯೋ ನೊರೆ! ಬಸ್ಸು ಅದರಲ್ಲೇ ಮುಳುಗಿಹೋಯಿತು.

ಅಷ್ಟರಲ್ಲಿ ಜೀಪು ಬಂತು. ಗಂಡಿನ ತಂದೆ ಜಡೇಸ್ವಾಮಿ ಇಳಿದರು. ಸಾಹುಕಾರರು ಮೀಸೆ ತಿರುವುತ್ತ, "ನೋಡಿ ಬೀಗ್ರೇ, ನಮ್ ಹೊಸ ಬಸ್ಸು" ಎಂದರು.

ನೊರೆ ಜಾರಿತು. ಅದರ ಜೊತೆಗೆ ಮೇಲೆ ಬಳಿದಿದ್ದ ನೀಲಿ ಬಣ್ಣವೂ ಸೋಡಕ್ಕೆ ಕರಗಿ ಜಾರಿತು. ಅಡಿಯಿಂದ ಕೆಂಪು ಅಕ್ಷರಗಳು ಮೂಡಿದವು: 'ಜಡೇಸ್ವಾಮಿ ಮೋಟಾರ್ ಸರ್ವಿಸ್, ಹನೂರು.'

ಸಾಹುಕಾರರ ಕೈ ಮೀಸೆಯಲ್ಲೇ ನಿಂತಿತು. ಷಡಕ್ಷರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಜಡೇಸ್ವಾಮಿ ಮೆಲ್ಲಗೆ ಹೋಗಿ ಅಕ್ಷರಗಳನ್ನು ಮುಟ್ಟಿದರು. ಕಣ್ಣಲ್ಲಿ ನೀರು.

"ದಲ್ಲಾಳಿಗೆ ಮಾರ್ಬುಟ್ಟಿದ್ನಲ್ಲ, ಅದೇ ನನ್ ಬಸ್ಸು ಕಣ್ರಿ! ಮಾರ್ದಾಗಿಂದ ನಮ್ಮವ್ವ ನನ್ ಕುಟ್ಟೆ ಮಾತಾಡ್ತಿಲ್ಲ. ಬೀಗ್ರೇ, ನಂಗೆ ಬ್ಯಾರೇನೂ ಬ್ಯಾಡ. ಮದ್ವೆ ಉಡುಗೊರೆಗೆ ಇದೊಂದ ಕೊಟ್ಬುಡಿ!"

ಮಾನ ಉಳಿಯಿತೆಂದು ಸಾಹುಕಾರರು ತಕ್ಷಣ ಕೀ ಕೊಟ್ಟರು. ಜಡೇಸ್ವಾಮಿ ತಾವೇ ಸ್ಟೇರಿಂಗ್ ಹಿಡಿದು, ಹಾರ್ನ್ ಬಾರಿಸುತ್ತ ಹನೂರಿಗೆ ಹೊರಟೇಬಿಟ್ಟರು.

ಸಾಹುಕಾರರು ಷಡಕ್ಷರಿಯನ್ನು ತಬ್ಬಿಕೊಂಡರು. "ನಿನ್ನಿಂದ ನನ್ ಮಗಳ ಮದ್ವೆ ಕೂಡ್ತಲ್ಲೋ!"

ಷಡಕ್ಷರಿ ಹಲ್ಲು ಕಿರಿದ. "ಅಂಗಾದ್ರೆ ನಾಳೆ ಎಷ್ಟೊತ್ಗೆ ಬರ್ಲಿ ಸಾ?"

ಸಾಹುಕಾರರು ಖಾಲಿ ಷೆಡ್ಡಿನ ಕಡೆ ನೋಡಿದರು.

"ಬಂದು ಏನ ತೊಳೀತೀಯಲಾ?"