ಮೂರು ಕಣ್ಣಿನವನ ಊಟ

ಶಿವಾನಿ: ನಿಮ್ಮ ಈ ಚಿತ್ರದ ಕತೀನ ಯಾರ ನಂಬತಾರ್ರೀ? ಸುಳ್ಳ ಹೇಳಾಕೂ ಒಂದ ಮಿತಿ ಇರಬೇಕು.

ಮಹಾದೇವ: ಇದು ವಿಜ್ಞಾನದ ಕತಿ. ಆಂವ ಬ್ಯಾರೆ ಗ್ರಹದಾಂವ, ಅವಗ ಮೂರ ಕಣ್ಣ ಇರತಾವ.

ಶಿವಾನಿ: ಮೂರ ಯಾಕ, ಮೂವತ್ತ ಇರ್ಲಿ.

ಮಹಾದೇವ: ಮತ್ತ ಆಂವ ಕುಂತ ಬಂದ ಹಾರೂ ತಟ್ಟಿ ತೊರಗಲ್ಲ ಕ್ವಾಟಿ ಮ್ಯಾಲೆ ಇಳದದ್ದು?

ಶಿವಾನಿ: ಇಳೀಲಿ. ಅಲ್ಲೆ ಜಾಗಾ ಭಾಳ ಐತಿ.

ಮಹಾದೇವ: ಹಂಗಾರ ನೀ ನಂಬದ್ದು ಯಾವುದವ್ವಾ?

ಶಿವಾನಿ: ಇದ ನೋಡ್ರಿ. ಈ ಚಿತ್ರದಾಗ ನಿಮ್ಮ ಕೃಷ್ಣವ್ವ ಅವಗ ರೊಟ್ಟಿ ನೀಡತಾಳ. ಆಂವ ಸಾಕು ಅಂತಾನ. ಆಕಿ ಸುಮ್ಮನ ಒಳಗ ಹೊಕ್ಕಾಳ! ಒಂದ ಸಲಾ ಸಾಕು ಅಂದದ್ದಕ್ಕ! ತೊರಗಲ್ಲಾಗ ಅಂಥಾ ಹೆಣಮಗಳ ಯಾರ ಅದಾಳ, ಹೆಸರ ಹೇಳ್ರಿ.

ಮಹಾದೇವ ಅರ್ಧ ಬರೆದ ಚಿತ್ರದ ಹಾಳೆಯನ್ನು ಹೆಂಡತಿಯ ಕೈಯಿಂದ ಎಳೆದುಕೊಂಡ. ಸವದತ್ತಿಯ ಆ ಅಡುಗೆಮನೆಯಲ್ಲಿ ಪಾಪ, ಅವನ ಹಣೆಬರಹವೇ ತೂಗಾಡುತ್ತಿತ್ತು. ಅವನ ಚಿತ್ರಕಥೆಯನ್ನು ಹುಡುಗರು ಬಿದ್ದು ಬಿದ್ದು ನಗುತ್ತ ಓದುತ್ತಾರೆ, ದೊಡ್ಡವರು ಪುಟ ತಿರುವಿಬಿಡುತ್ತಾರೆ ಎಂಬುದು ಬೈಲಹೊಂಗಲದ ಪತ್ರಿಕೆಯ ಸಂಪಾದಕ ವೀರಪ್ಪನವರ ದೂರು. ಈ ಸಲ ದೊಡ್ಡವರಿಗೂ ಹಿಡಿಸದಿದ್ದರೆ ಆ ಪುಟಕ್ಕೆ ರಾಶಿಭವಿಷ್ಯ ಹಾಕುತ್ತೇನೆ ಎಂದುಬಿಟ್ಟಿದ್ದರು. ಚಿತ್ರ ಒಯ್ಯಲು ಅವರೇ ಬಸ್ಸು ಹತ್ತಿದ್ದರು. ಪುಟ ಹೋದರೆ ಮಹಾದೇವನಿಗೆ ಉಳಿಯುವುದು ಅಂಗಡಿ ಬೋರ್ಡು ಬರೆಯುವ ಕೆಲಸ ಒಂದೇ.

ಮಹಾದೇವ: ಆಂವ ಲೋಕಾ ಗೆಲ್ಲಾಕ ಬಂದಾನ! ಮುಂದಿನ ಚಿತ್ರದಾಗ ಬಂದೂಕ ತಗೀತಾನ.

ಶಿವಾನಿ: ಯಾಕ ಬಂದಾನಂತ ಉಂಡ ಮ್ಯಾಲೆ ಕೇಳೂನಂತ. ಉಣ್ಣೂ ಕೈಲೆ ಬಂದೂಕ ಹೆಂಗ ತಗೀತಾನ?

ಮಹಾದೇವ: ಅವಗ ನಾಕ ಕೈ ಅದಾವ.

ಶಿವಾನಿ: ಹಂಗಾರ ಒಂದಕ್ಕ ರೊಟ್ಟಿ ಕೊಡ್ರಿ, ಒಂದಕ್ಕ ಉಳ್ಳಾಗಡ್ಡಿ, ಒಂದಕ್ಕ ಮೆಣಸಿನಕಾಯಿ, ಒಂದಕ್ಕ ಮಜ್ಜಗಿ ವಾಟಗಾ. ತಗೀಲಿ ನೋಡೂಣು.

ಮಹಾದೇವ ರಬ್ಬರು ಎತ್ತಿಕೊಂಡು ಬಂದೂಕನ್ನು ಅಳಿಸಿದ. ಬಂದೂಕಿಲ್ಲದ ಕಥೆ ಎಲ್ಲಿಗೆ ಹೋಗುತ್ತದೋ ಎಂದು ಅವನಿಗೆ ದಿಗಿಲಾಯಿತು, ಆದರೂ ಬರೆಯುತ್ತ ಹೋದ. ಕೊನೆಯ ಚಿತ್ರಕ್ಕೆ ಮಸಿ ಆರುವಷ್ಟರಲ್ಲಿ ವೀರಪ್ಪ ಬಂದೇಬಿಟ್ಟರು.

ವೀರಪ್ಪ: ನಂದ ಊಟಾ ಆಗೇತಿ ತಂಗೀ. ಚಿತ್ರಾ ಕೊಡ್ರಿ, ಹೊಂಟೆ.

ಶಿವಾನಿ: ಆಗಿದ್ದರ ಏನಾತ್ರೀ ಅಣ್ಣಾರ, ಅರ್ಧಾ ರೊಟ್ಟಿ.

ಅರ್ಧ ಒಂದಾಯಿತು, ಒಂದು ಎರಡಾಯಿತು. ವೀರಪ್ಪ ಎಡಗೈಯಲ್ಲಿ ಚಿತ್ರ ಹಿಡಿದು ಓದತೊಡಗಿದರು. ಮೂರು ಕಣ್ಣಿನವನು ಸಾಕು ಅನ್ನುತ್ತಾನೆ, ಕೃಷ್ಣವ್ವ ನೀಡುತ್ತಾಳೆ. ನಾಲ್ಕೂ ಕೈ ಅಡ್ಡ ಹಿಡಿಯುತ್ತಾನೆ, ಬೆರಳ ಸಂದಿಯಿಂದ ನೀಡುತ್ತಾಳೆ. ಕೊನೆಗೆ ತನ್ನ ಗ್ರಹಕ್ಕೆ ಸುದ್ದಿ ಕಳಿಸುತ್ತಾನೆ: “ಶರಣಾದೆ ಅಂದೆ. ಅಷ್ಟರಾಗ ಹೆಂಗ, ಇನ್ನೊಂದ ಉಣ್ಣ ಅಂದ್ರು. ಸೈನ್ಯಾ ಕಳಸಬ್ಯಾಡ್ರಿ.”

ವೀರಪ್ಪ ನಗಲಿಲ್ಲ.

ಮಹಾದೇವ: ನಗಿ ಬರಲಿಲ್ಲೇನ್ರಿ?

ವೀರಪ್ಪ: ನಗೂದೇನೈತೋ ಇದ್ರಾಗ? ಮೊನ್ನೆ ರಾಮದುರ್ಗದಾಗ ಬೀಗರ ಮನ್ಯಾಗ ನನಗ ಆಗಿದ್ದ ಇದು.

ಮಹಾದೇವ: ಹಂಗಾರ ರಾಶಿಭವಿಷ್ಯ ಹಾಕ್ತೀರೇನ್ರಿ?

ವೀರಪ್ಪ ಉತ್ತರಿಸುವ ಮೊದಲೇ ಶಿವಾನಿ ಬಿಸಿ ರೊಟ್ಟಿ ಹಿಡಿದು ಒಳಗಿನಿಂದ ಬಂದಳು. ಅವರು ಚಿತ್ರ ಬದಿಗಿಟ್ಟು ಎರಡೂ ಕೈಗಳನ್ನು ತಾಟಿನ ಮೇಲೆ ಅಡ್ಡ ಇಟ್ಟರು. ರೊಟ್ಟಿ ಕೈಗಳ ಮೇಲೆಯೇ ಬಿತ್ತು.

ವೀರಪ್ಪ: ರಾಶಿಭವಿಷ್ಯ ಸುಡ್ಲಿ! ಆ ಮೂರ ಕಣ್ಣಿನಾಂವ ತಾಟಿನ ಮುಂದಿಂದ ಹೆಂಗ ಎದ್ದ, ಅದನ್ನ ಈಗ ಬರದ ತೋರಸೋ ಮಾರಾಯಾ!